ವೋಟು ಕೇಳಿದ ಜಡ್ಜಮ್ಮ

ಕಳೆದ ತಿಂಗಳು ದೋಹಾದ ಅಲ್ ಥುಮಾಮಾ ಬಡಾವಣೆಯ ನಮ್ಮ ಮನೆಯ ಕಪಾಟು ಖಾಲಿ ಮಾಡುತ್ತಿದ್ದೆ. ಹಳೆಯ ಹ್ಯಾಂಡ್‌ಬ್ಯಾಗೊಂದನ್ನು ಯಾರಿಗಾದರೂ ಕೊಟ್ಟುಬಿಡೋಣವೆಂದು ಜಿಪ್ ಎಳೆದು ಕೊಡವಿದರೆ ಒಂದು ಬಾಚಣಿಗೆ, ಕಲ್ಲಿನಂತಾದ ಪೆಪ್ಪರ್‌ಮಿಂಟು, ಮತ್ತೆ ಬೆರಳುದ್ದದ ರಟ್ಟಿನ ಪಟ್ಟಿಯೊಂದು ಕೆಳಗೆ ಬಿದ್ದವು. ಉಗುರು ಉಜ್ಜಿಕೊಳ್ಳುವ ಪಟ್ಟಿ. ಒಂದು ಬದಿ ಮರಳು ಕಾಗದದ ಹಾಗೆ ಒರಟು, ಇನ್ನೊಂದು ಬದಿ ನುಣುಪು. ನುಣುಪಾದ ಬದಿಯಲ್ಲಿ ನೀಲಿ ಅಕ್ಷರದಲ್ಲಿ ಒಬ್ಬರ ಹೆಸರು, ಅದರ ಕೆಳಗೆ ‘ಮೇಲ್ಮನವಿ ನ್ಯಾಯಾಲಯಕ್ಕೆ ಇವರನ್ನೇ ಆರಿಸಿ’ ಎಂಬ ಅರ್ಥದ ಇಂಗ್ಲಿಷ್ ಸಾಲು. ಹೆಸರು ಅರ್ಧ ಅಳಿಸಿಹೋಗಿತ್ತು. ನನಗೆ ಅದನ್ನು ಓದುವ ಅಗತ್ಯವೂ ಇರಲಿಲ್ಲ... ಹರಡಿದ ಬಟ್ಟೆಗಳ ನಡುವೆ ಅಲ್ಲೇ ಕುಳಿತುಬಿಟ್ಟೆ.

ನ್ಯಾಯಾಧೀಶರಿಗೂ ಉಗುರಿಗೂ ಎಂಥ ಸಂಬಂಧ ಎಂದು ನೀವು ಕೇಳಬಹುದು. ಒಂದು ಕಾಲದಲ್ಲಿ ನಾನೂ ಕೇಳಿದ್ದೆ.

ಆಗ ನಾವು ಅಲ್ ಸದ್ದ್‌ನ ಒಂದು ಕಟ್ಟಡದಲ್ಲಿದ್ದೆವು. ಮುಶೈರಿಬ್‌ನ ಹಳೆಯ ಅಂಗಡಿಸಾಲುಗಳನ್ನು ಇನ್ನೂ ಕೆಡವಿರದ ಕಾಲ ಅದು. ಶುಕ್ರವಾರ ಸಂಜೆ ಅಲ್ಲಿಗೆ ಹೋದರೆ ಊರಿನವರು ಯಾರಾದರೂ ಸಿಕ್ಕೇ ಸಿಗುತ್ತಿದ್ದರು. ನಾನು ಒಂದು ಕಾಂಟ್ರಾಕ್ಟಿಂಗ್ ಕಂಪೆನಿಯಲ್ಲಿ ಸೆಕ್ರೆಟರಿಯಾಗಿದ್ದೆ. ನಮ್ಮ ಮನೆಯಿಂದ ದೋಹಾಕ್ಕೆ ಮೊದಲು ಬಂದವಳು ನಾನು, ನನ್ನದೇ ಕೆಲಸದ ವೀಸಾದಲ್ಲಿ. ಗಂಡ ಬಂದದ್ದು ಮದುವೆಯಾದ ಮೇಲೆ. ಇದನ್ನು ಈಗಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ನಡೆದ ರಂಪಕ್ಕೆಲ್ಲ ಇದೇ ಮೂಲ.

ನಮ್ಮ ಎದುರು ಫ್ಲ್ಯಾಟಿಗೆ ಅಮೆರಿಕದ ದಂಪತಿ ಬಂದರು. ಗಂಡ ಇಲ್ಲಿನ ಕಾಲೇಜೊಂದರಲ್ಲಿ ಗಣಿತ ಕಲಿಸುವವರು, ಯಾವಾಗಲೂ ಏನನ್ನೋ ಹುಡುಕುತ್ತಿರುವವರ ಹಾಗೆ ನಡೆಯುವ ಉದ್ದನೆಯ ಮನುಷ್ಯ. ಹೆಂಡತಿ ಕುಳ್ಳಗೆ, ಬಿಳಿ ಕೂದಲು, ದಪ್ಪ ಕನ್ನಡಕ. ಬಂದ ಎರಡನೇ ವಾರವೇ ಆಕೆ ನಮ್ಮ ಮನೆಯ ಬೆಲ್ ಒತ್ತಿದರು. ನಾನು ಆಗಷ್ಟೇ ಒಣ ಬಂಗುಡೆ ಹುರಿಯಲು ಹಾಕಿದ್ದೆ. ಒಣಮೀನಿನ ವಾಸನೆಗೆ ವಾಚ್‌ಮನ್‌ವರೆಗೆ ದೂರು ಹೋದದ್ದು ಈ ಕಟ್ಟಡಕ್ಕೆ ಹೊಸತಲ್ಲ. ಸಾರಿ, ಸಾರಿ ಅನ್ನುತ್ತಲೇ ಬಾಗಿಲು ತೆರೆದೆ. ಆಕೆ ಮೂಗು ಎತ್ತಿ ಒಳಗೆ ಇಣುಕಿ, ‘ಅದೇನು ಹುರಿಯುತ್ತಿದ್ದೀಯ? ನನಗೂ ಸ್ವಲ್ಪ ಕೊಡುತ್ತೀಯಾ?’ ಎಂದರು.

ಅವರ ಮಾತೆಲ್ಲ ಇಂಗ್ಲಿಷಿನಲ್ಲಿ. ಇಲ್ಲಿ ನನ್ನ ಕನ್ನಡದಲ್ಲಿ ಬರೆಯುತ್ತಿದ್ದೇನೆ. ನನ್ನ ತಾಯಿಯ ವಯಸ್ಸಿನವರು, ಹಾಗಾಗಿ ಅವರು ನನಗೆ ‘ನೀನು’ ಅಂದ ಹಾಗೆಯೇ ಕೇಳಿಸುತ್ತಿತ್ತು. ಅಂದು ಖಾರಕ್ಕೆ ಕಣ್ಣು ಮೂಗು ಒರೆಸಿಕೊಳ್ಳುತ್ತಾ ಬಂಗುಡೆಯ ಮುಳ್ಳನ್ನೂ ಬಿಡದೆ ತಿಂದರು. ನೀರು ಕುಡಿದು ಸುಧಾರಿಸಿಕೊಂಡ ಮೇಲೆ, ಇಲ್ಲಿಗೆ ಬರುವ ಮೊದಲು ಏನು ಮಾಡುತ್ತಿದ್ದಿರಿ ಎಂದು ಕೇಳಿದೆ.

‘ಜಡ್ಜ್ ಆಗಿದ್ದೆ. ಚುನಾವಣೆಯಲ್ಲಿ ಸೋತೆ,’ ಎಂದರು.

ರಾತ್ರಿ ಊಟಕ್ಕೆ ಕುಳಿತಾಗ ಗಂಡನಿಗೆ ಇದನ್ನು ಹೇಳಿದರೆ ಅವರು ನಕ್ಕುಬಿಟ್ಟರು. ‘ಜಡ್ಜಿಗೆ ಎಂತದ್ದು ಎಲೆಕ್ಷನ್ ಮಾರಾಯ್ತಿ? ಅವರೆಂತ ಪಂಚಾಯತ್ ಮೆಂಬರಾ? ನಿನಗೆ ಅವರ ಇಂಗ್ಲಿಷ್ ಅರ್ಥ ಆಗ್ಲಿಲ್ಲ ಕಾಣ್ತದೆ.’ ಆದರೆ ನನಗೆ ಸರಿಯಾಗಿಯೇ ಅರ್ಥವಾಗಿತ್ತು. ಅಂದಿನಿಂದ ನಮ್ಮ ಮನೆಯಲ್ಲಿ ಅವರಿಗೆ ಜಡ್ಜಮ್ಮ ಎಂದೇ ಹೆಸರಾಯಿತು.

ಶುಕ್ರವಾರ ನಾವು ಚರ್ಚಿನ ಪೂಜೆ ಮುಗಿಸಿ ಬಂದು ಮಧ್ಯಾಹ್ನದ ಊಟವಾದ ಮೇಲೆ ಅವರು ನಮ್ಮಲ್ಲಿಗೆ ಚಹಾಕ್ಕೆ ಬರುವುದು, ನನ್ನ ಪುಟ್ಟ ಮಗಳಿಗೆ ಓದು ಹೇಳಿಕೊಡುವುದು ಅಭ್ಯಾಸವಾಯಿತು. ಅವರ ಕಥೆಯನ್ನು ನಾನು ಕೇಳಿದ್ದು ಹಾಗೆ, ಒಂದೊಂದು ಚಹಾಕ್ಕೆ ಒಂದೊಂದು ತುಂಡು. ಅಪ್ಪ ಒಂದು ಸಣ್ಣ ಊರಿನಲ್ಲಿ ಪೆಟ್ರೋಲ್ ಪಂಪ್ ನಡೆಸುತ್ತಿದ್ದವರಂತೆ. ಇವರು ಕಾನೂನು ಓದಲು ಹೋದಾಗ ತರಗತಿಯಲ್ಲಿ ಹುಡುಗಿಯರು ಬೆರಳೆಣಿಕೆಯಷ್ಟು. ವಕೀಲಿಕೆ ಮಾಡಿ, ಕೆಳಗಿನ ಕೋರ್ಟಿನಲ್ಲಿ ಜಡ್ಜಾಗಿ, ಆಮೇಲೆ ಅವರ ರಾಜ್ಯದ ಮೇಲ್ಮನವಿ ನ್ಯಾಯಾಲಯದಲ್ಲಿ ಒಂದು ಕುರ್ಚಿ ತೆರವಾದಾಗ ಗವರ್ನರು ಇವರನ್ನು ನೇಮಿಸಿದರು. ಅಲ್ಲಿಯವರೆಗೆ ನಮ್ಮ ಕಡೆಯ ಹಾಗೆಯೇ. ಆದರೆ ಅವರ ರಾಜ್ಯದಲ್ಲಿ ಆ ಕುರ್ಚಿ ಉಳಿಸಿಕೊಳ್ಳಬೇಕಾದರೆ ಅವಧಿ ಮುಗಿದಾಗಲೆಲ್ಲ ಜನರ ಮುಂದೆ ಹೋಗಿ ವೋಟು ಕೇಳಬೇಕು.

‘ಅಲ್ಲಿ ಸಾಕ್ಷಿಗಳ ಮುಖ ನೋಡಲಿಕ್ಕಿಲ್ಲ,’ ಎಂದು ತಮ್ಮ ಕೋರ್ಟಿನ ಬಗ್ಗೆ ಹೇಳುತ್ತಿದ್ದರು. ಕೆಳಗಿನ ಕೋರ್ಟು ತೀರ್ಪು ಕೊಡುವಾಗ ದಾರಿ ತಪ್ಪಿತೋ ಇಲ್ಲವೋ ಎಂದು ಮೂವರು ಕುಳಿತು ಕಾಗದ ಓದುವುದು, ವಕೀಲರ ವಾದ ಕೇಳುವುದು, ಬರೆಯುವುದು. ಅಷ್ಟೇ ಕೆಲಸ. ದಿನಗಟ್ಟಲೆ ಯಾರೊಂದಿಗೂ ಮಾತಿಲ್ಲದೆ ಓದುತ್ತಾ ಕೂರುವ ಹೆಂಗಸು ಚುನಾವಣೆ ಬಂದ ಕೂಡಲೇ ರಾಜ್ಯವಿಡೀ ಕಾರು ಓಡಿಸಿಕೊಂಡು ಅಂಗಡಿ ಬಾಗಿಲಲ್ಲಿ, ಚರ್ಚಿನ ಹೊರಗೆ, ಬೆಳಗಿನ ತಿಂಡಿಯ ಕೂಟಗಳಲ್ಲಿ ನಿಂತು ಕಂಡವರ ಕೈಕುಲುಕಬೇಕಿತ್ತು. ಆಗ ಜನರಿಗೆ ಹಂಚಲು ಮಾಡಿಸಿದ್ದೇ ಈ ಉಗುರಿನ ಪಟ್ಟಿ. ಕರಪತ್ರ ಕೊಟ್ಟರೆ ಜನ ಅಲ್ಲೇ ಬಿಸಾಡುತ್ತಾರೆ, ಇದನ್ನಾದರೆ ಹೆಂಗಸರು ಪರ್ಸಿನಲ್ಲಿ ಇಟ್ಟುಕೊಳ್ಳುತ್ತಾರೆ. ಅಲ್ಲಿ ಚುನಾವಣೆಗೆ ನಿಂತ ಜಡ್ಜುಗಳು ಇದನ್ನು ಹಂಚುವುದು ಮಾಮೂಲಂತೆ. ಉಳಿದದ್ದನ್ನು ಒಂದು ಡಬ್ಬಿ ತುಂಬ ದೋಹಾಕ್ಕೂ ತಂದಿದ್ದರು. ನಮ್ಮ ಕಟ್ಟಡದ ಹೆಂಗಸರೆಲ್ಲ ಬಹಳ ಕಾಲ ಆ ಪ್ರಚಾರದ ಪಟ್ಟಿಯಲ್ಲೇ ಉಗುರು ಉಜ್ಜಿಕೊಂಡೆವು.

‘ಗೆದ್ದರೆ ನಮಗೇನು ಮಾಡಿಕೊಡುತ್ತೀರಿ ಅಂತ ಜನ ಕೇಳುವುದಿಲ್ವಾ?’ ಎಂದೆ.

‘ಎಲ್ಲರೂ ಕೇಳುತ್ತಾರೆ. ನಾನು ಯಾವ ಕೇಸಿನ ಬಗ್ಗೆಯೂ ಮಾತು ಕೊಡುವಂತಿಲ್ಲ. ಎಲ್ಲ ಓದುತ್ತೇನೆ, ಆಮೇಲೆ ತೀರ್ಮಾನಿಸುತ್ತೇನೆ, ಅಷ್ಟೇ ಹೇಳಬಹುದು. ಆಗ ಅವರ ಮುಖ ನೀನು ನೋಡಬೇಕಿತ್ತು.’

ಮೊದಲನೇ ಸಲ ಎದುರಾಳಿಯೇ ಇರಲಿಲ್ಲ. ಎರಡನೇ ಸಲ ಒಬ್ಬ ನಿಂತು ಸೋತ. ಮೂರನೇ ಸಲ ಇವರು ಸೋತರು. ಯಾಕೆ ಸೋತಿರಿ ಎಂದರೆ ‘ಅದು ಇನ್ನೊಂದು ಚಹಾಕ್ಕೆ’ ಎಂದು ಮಾತು ತೇಲಿಸುತ್ತಿದ್ದರು. ನಾನೂ ಹೆಚ್ಚು ಕೆದಕಲಿಲ್ಲ.

ಈಗ ನಮ್ಮ ಸಂಘದ ವಿಷಯ. ಕರಾವಳಿಯ ಕನ್ನಡಿಗರೆಲ್ಲ ಸೇರಿ ಮಾಡಿಕೊಂಡ ಸಂಘ. ನಮ್ಮಲ್ಲಿ ಚುನಾವಣೆ ಎಂಬ ಹೆಸರು ಮಾತ್ರ ಇತ್ತು. ಪ್ರತಿವರ್ಷ ನಾಲ್ಕಾರು ಹಿರಿಯರು ಯಾರದ್ದಾದರೂ ವಿಲ್ಲಾದಲ್ಲಿ ಬಿರಿಯಾನಿಗೆ ಸೇರುತ್ತಿದ್ದರು. ಕಳೆದ ವರ್ಷ ಬಂಟರಿಗೆ ಹೋಗಿದೆ, ಈ ವರ್ಷ ಬ್ಯಾರಿಗಳಿಗಾಗಲಿ, ಬರುವ ವರ್ಷ ಕ್ರಿಶ್ಚನ್ನರಿಗೆ ಎಂದು ಅಲ್ಲೇ ಹಂಚಿ ಮುಗಿಯುತ್ತಿತ್ತು. ಮಹಾಸಭೆಯಲ್ಲಿ ‘ಅವಿರೋಧ ಆಯ್ಕೆ’ ಎಂದು ಘೋಷಿಸಿ ಹಾರ ಹಾಕುತ್ತಿದ್ದರು. ಅವಿರೋಧ ಎಂದರೆ ನಮ್ಮವರಿಗೆ ಬಹಳ ದೊಡ್ಡ ಮರ್ಯಾದೆ. ಯಾರಾದರೂ ಎದುರು ನಿಂತರೆ ಮದುವೆ ಮನೆಯಲ್ಲಿ ಜಗಳ ತೆಗೆದವರನ್ನು ನೋಡುವ ಹಾಗೆ ನೋಡುತ್ತಿದ್ದರು.

ಕಾರ್ಯದರ್ಶಿ ಯಾರೇ ಆಗಲಿ, ಕೆಲಸ ಮಾಡುತ್ತಿದ್ದವಳು ಮಾತ್ರ ನಾನೇ. ನೋಟಿಸು ಟೈಪ್ ಮಾಡುವುದು, ಹಾಲ್ ಬುಕ್ ಮಾಡುವುದು, ಊರಿನಿಂದ ಯಕ್ಷಗಾನದ ತಂಡ ಬಂದರೆ ಅವರ ವೀಸಾದ ಕಾಗದ ತಯಾರಿಸುವುದು. ವೇದಿಕೆ ಮೇಲೆ ಕುಳಿತು ವಂದನೆ ಸ್ವೀಕರಿಸುವುದು ಇನ್ಯಾರೋ. ಒಂದು ವರ್ಷ ನನಗೆ ಸಾಕಾಯಿತು. ಪ್ರಧಾನ ಕಾರ್ಯದರ್ಶಿ ಸ್ಥಾನಕ್ಕೆ ನಾನೇ ನಿಲ್ಲುತ್ತೇನೆಂದು ನಾಮಪತ್ರ ಕೊಟ್ಟೆ. ಆ ಕೆಲಸ ಒಮ್ಮೆಯಾದರೂ ನನ್ನ ಹೆಸರಿನಲ್ಲಿ ಆಗಬೇಕೆಂಬ ಆಸೆ ನನಗೆ ನಿಜವಾಗಿಯೂ ಇತ್ತು, ಮುಚ್ಚಿಡುವುದೇಕೆ.

ಬಿರಿಯಾನಿಯ ಹಿರಿಯರು ಆ ಸ್ಥಾನಕ್ಕೆ ಆಗಲೇ ಒಬ್ಬ ಅಕೌಂಟೆಂಟರನ್ನು ಆರಿಸಿಯಾಗಿತ್ತು. ಸಭ್ಯ ಮನುಷ್ಯ, ನನ್ನ ಗಂಡನ ಕಡೆ ದೂರದ ನೆಂಟರೂ ಹೌದು. ಅವರು ಬೈಲಾ ತೆರೆದು ತಕರಾರು ಹಾಕಿದರು. ಅದರಲ್ಲಿ ಬರೆದದ್ದು ಇಷ್ಟು: ಕುಟುಂಬಕ್ಕೆ ಸಂಘದ ಒಂದೇ ಕಾರ್ಡ್, ಅದು ಯಾರ ಹೆಸರಿನಲ್ಲಿ ಇದೆಯೋ ಅವರು ಸದಸ್ಯರು, ಹೆಂಡತಿ ಮಕ್ಕಳು ಕುಟುಂಬದವರು, ಸದಸ್ಯರು ಮಾತ್ರ ಚುನಾವಣೆಗೆ ನಿಲ್ಲಬಹುದು, ವೋಟು ಹಾಕಬಹುದು. ಗಲ್ಫಿನಲ್ಲಿ ನಮ್ಮವರಿಗೆ ಎಲ್ಲವನ್ನೂ ವೀಸಾದ ಲೆಕ್ಕದಲ್ಲಿ ನೋಡಿ ಅಭ್ಯಾಸ. ಇಲ್ಲಿ ಹೆಂಡತಿ ಗಂಡನ ಸ್ಪಾನ್ಸರ್‌ಶಿಪ್ಪಿನಲ್ಲಿರುವುದು ಸಾಮಾನ್ಯ ತಾನೆ, ಸಂಘಕ್ಕೂ ಹಾಗೆಯೇ ಬರೆದುಬಿಟ್ಟಿದ್ದರು. ಕತಾರ್ ಸರ್ಕಾರದ ಲೆಕ್ಕದಲ್ಲಿ ನಾನು ನನ್ನ ಹೆಸರಿನಲ್ಲೇ ಇದ್ದೆ. ನಮ್ಮೂರವರ ಸಂಘದಲ್ಲಿ ಮಾತ್ರ ಗಂಡನ ಕಾರ್ಡಿನ ಹಿಂಬದಿಯಲ್ಲಿದ್ದೆ.

ನಾಮಪತ್ರ ತಿರಸ್ಕಾರವಾಯಿತು. ಅದೇ ಬೈಲಾದಲ್ಲಿ, ತಕರಾರಿದ್ದರೆ ಎರಡೂ ಕಡೆಯವರು ಒಪ್ಪುವ ಒಬ್ಬ ನಿಷ್ಪಕ್ಷಪಾತಿಗೆ ಅಪೀಲು ಹಾಕಬಹುದು ಎಂದು ಇನ್ನೊಂದು ಕಲಮೂ ಇತ್ತು. ಊರಿನ ಯಾವುದೋ ಸೊಸೈಟಿಯ ಬೈಲಾದಿಂದ ನಕಲು ಮಾಡುವಾಗ ಬಂದು ಸೇರಿದ್ದು, ಯಾರೂ ಓದಿರಲಿಲ್ಲ. ನಾನು ಅಪೀಲು ಹಾಕಿದೆ. ನಿಷ್ಪಕ್ಷಪಾತಿಯನ್ನು ಎಲ್ಲಿಂದ ತರುವುದೆಂದು ಸಂಘದವರಿಗೆ ತಲೆಬಿಸಿ ಶುರುವಾಯಿತು. ಆಗಿನ ಅಧ್ಯಕ್ಷರು ವಾಹನಗಳ ಬಿಡಿಭಾಗದ ವ್ಯಾಪಾರ ಮಾಡುತ್ತಿದ್ದ ಬ್ಯಾರಿಗಳು. ನನಗೆ ಫೋನ್ ಮಾಡಿದರು. ಕ್ರಿಶ್ಚನ್ ಹೆಂಗಸರನ್ನೆಲ್ಲ ಅವರು ‘ಬಾಯಿ’ ಎಂದೇ ಕರೆಯುವುದು.

‘ನಮ್ಮಲ್ಲಿ ಯಾರನ್ನು ಕೂರಿಸಿದ್ರೂ ಒಬ್ಬನಿಗೆ ಭಾವ, ಇನ್ನೊಬ್ಬನಿಗೆ ಕ್ಲಾಸ್‌ಮೇಟ್ ಆಗ್ತಾನೆ ಬಾಯಿ. ನಿಮ್ಮ ಎದುರುಮನೆಯಲ್ಲಿ ಆ ಅಮೆರಿಕದ ಜಡ್ಜ್ ಉಂಟಲ್ಲ, ಅವರನ್ನೇ ಕೇಳುವ. ಅವರು ಹೇಳಿದ ಹಾಗೆ, ಖಲಾಸ್.’

ನಾನು ಯೋಚಿಸುವವಳ ಹಾಗೆ ನಟಿಸಿ ಒಪ್ಪಿಕೊಂಡೆ. ಫೋನ್ ಇಟ್ಟ ಮೇಲೆ ಅಡುಗೆಮನೆಯಲ್ಲಿ ಒಬ್ಬಳೇ ನಕ್ಕೆ. ನನ್ನ ಕೈಯ ಬಂಗುಡೆ ತಿಂದವರು, ನನ್ನ ಮಗಳಿಗೆ ಓದು ಹೇಳಿಕೊಟ್ಟವರು, ಹೆಂಗಸರಿಗೆ ಕೋರ್ಟಿನಲ್ಲಿ ಜಾಗವೇ ಇಲ್ಲದ ಕಾಲದಲ್ಲಿ ಅಲ್ಲಿ ಜಾಗ ಮಾಡಿಕೊಂಡವರು ನನ್ನ ಕೈಬಿಡುತ್ತಾರೆಯೇ! ಗೆದ್ದಾಯಿತು ಎಂದೇ ಲೆಕ್ಕ ಹಾಕಿದ್ದೆ.

ವಿಚಾರಣೆ ಮುಶೈರಿಬ್‌ನ ಒಂದು ಹೋಟೆಲಿನ ಮಹಡಿಯ ಹಾಲಿನಲ್ಲಿ, ಶುಕ್ರವಾರ ಸಂಜೆ. ಜಡ್ಜಮ್ಮ ಬೂದು ಬಣ್ಣದ ಸ್ವೆಟರ್ ಹಾಕಿಕೊಂಡು ಬಂದರು, ಎಸಿ ಎಂದರೆ ಅವರಿಗೆ ಆಗುತ್ತಿರಲಿಲ್ಲ. ವೇದಿಕೆ ಮೇಲೆ ಹಾಕಿದ್ದ ಹೂವಿನ ಕುರ್ಚಿ ಬೇಡವೆಂದು ಕೆಳಗೆ ಮೇಜು ಹಾಕಿಸಿಕೊಂಡರು. ಕೂರುವ ಮೊದಲೇ ಅಕೌಂಟೆಂಟರ ಕಡೆ ತಿರುಗಿ, ‘ಈಕೆ ನನ್ನ ಗೆಳತಿ. ವಾರಕ್ಕೊಮ್ಮೆ ಇವರ ಮನೆಯಲ್ಲಿ ತಿನ್ನುತ್ತೇನೆ. ನಾನು ಬೇಡವೆಂದರೆ ಈಗಲೇ ಎದ್ದು ಹೋಗುತ್ತೇನೆ, ನನಗೆ ಬೇಸರವಿಲ್ಲ,’ ಎಂದರು. ಅಕೌಂಟೆಂಟರು ಕತ್ತು ತುರಿಸಿಕೊಂಡರು. ‘ಇರ್ಲಿ ಬಿಡಿ, ಇನ್ನು ಯಾರನ್ನು ಹುಡುಕುದು,’ ಎಂದು ಪಕ್ಕದವರಿಗೆ ಹೇಳಿ, ಇಂಗ್ಲಿಷಿನಲ್ಲಿ ಒಪ್ಪಿಗೆ ಕೊಟ್ಟರು.

ಬೈಲಾವನ್ನು ನಾನು ಇಂಗ್ಲಿಷಿಗೆ ಹೇಳುತ್ತಾ ಹೋದೆ, ಅದು ಸರಿಯೋ ಎಂದು ಅಕೌಂಟೆಂಟರು ನೋಡುತ್ತಾ ಹೋದರು. ಆಮೇಲೆ ನನ್ನ ವಾದ. ಬಹಳ ಚೆನ್ನಾಗಿ ವಾದಿಸಿದೆ, ನನಗೇ ಹೆಮ್ಮೆಯಾಯಿತು. ಹೆಂಗಸರೆಲ್ಲ ಚಪ್ಪಾಳೆ ತಟ್ಟಿದರು. ಜಡ್ಜಮ್ಮ ಕೈ ಎತ್ತಿ ಚಪ್ಪಾಳೆ ನಿಲ್ಲಿಸಿದರು. ತೀರ್ಪು ಮುಂದಿನ ಶುಕ್ರವಾರ ಎಂದು ಹೇಳಿ ಎದ್ದರು.

ಆ ವಾರ ಒಂದು ಸಂಜೆ ಪತ್ರೊಡೆ ಮಾಡಿ ತಟ್ಟೆಯಲ್ಲಿ ಹಾಕಿಕೊಂಡು ಅವರ ಬಾಗಿಲು ತಟ್ಟಿದೆ. ಅವರು ತಟ್ಟೆಯನ್ನು ನೋಡಿದರು, ಆಸೆಯಿಂದಲೇ ನೋಡಿದರು. ‘ಮುಂದಿನ ವಾರ,’ ಎಂದು ಬಾಗಿಲು ಹಾಕಿಕೊಂಡರು. ಎಂಥ ನಾಟಕ ಎಂದು ನನಗೆ ಆಗಲೂ ನಗುವೇ ಬಂತು.

ತೀರ್ಪನ್ನು ಅವರೇ ನಿಂತು ಓದಿದರು. ಮೊದಲು ನನ್ನ ವಾದವನ್ನು ಹೇಳಿದರು, ನಾನು ಹೇಳಿದ್ದಕ್ಕಿಂತ ಚೆನ್ನಾಗಿ. ಸ್ವಂತ ವೀಸಾದಲ್ಲಿ ಬಂದವಳು, ಸಂಘದ ಕೆಲಸವನ್ನೆಲ್ಲ ವರ್ಷಗಟ್ಟಲೆ ಮಾಡಿದವಳು, ಅವಳನ್ನು ಬರೀ ಕುಟುಂಬ ಎನ್ನುವುದು ತಪ್ಪು ಎಂಬ ವಾದ ತಮಗೂ ಒಪ್ಪಿಗೆ ಎಂದರು. ಗಂಡ ನನ್ನ ಕೈ ಒತ್ತಿದರು. ಅಷ್ಟರಲ್ಲಿ ಜಡ್ಜಮ್ಮ ಕನ್ನಡಕ ತೆಗೆದು ನನ್ನನ್ನೇ ನೋಡಿದರು.

‘ಈ ನಿಯಮ ಕೆಟ್ಟದ್ದು. ನಾನು ಈ ಸಂಘದಲ್ಲಿ ಇದ್ದಿದ್ದರೆ ಇದನ್ನು ತೆಗೆದುಹಾಕಲು ಕೈ ಎತ್ತುತ್ತಿದ್ದೆ. ಆದರೆ ನೀವು ನನ್ನನ್ನು ಕರೆದದ್ದು ನಿಯಮ ಓದಲು, ಬರೆಯಲು ಅಲ್ಲ. ಬರೆದದ್ದು ಸ್ಪಷ್ಟವಾಗಿದೆ. ಅದನ್ನು ಬದಲಾಯಿಸುವ ಅಧಿಕಾರ ಈ ಹಾಲಿನಲ್ಲಿ ಕುಳಿತವರಿಗಿದೆ, ನನಗಿಲ್ಲ. ಅಪೀಲು ವಜಾ.’

ಆಮೇಲೆ ಯಾರು ಏನು ಹೇಳಿದರೋ ನನಗೆ ನೆನಪಿಲ್ಲ... ಚಹಾ ಬಂತು, ಬಿಸ್ಕತ್ತು ಬಂತು. ಅಕೌಂಟೆಂಟರು ಅವಿರೋಧವಾಗಿ ಆಯ್ಕೆಯಾದರು, ಹಾರ ಬಿತ್ತು. ಮನೆಗೆ ಬಂದು ಅರ್ಧ ಗಂಟೆಯೂ ಆಗಿರಲಿಲ್ಲ, ಬೆಲ್ ಸದ್ದಾಯಿತು. ಜಡ್ಜಮ್ಮ ನಿಂತಿದ್ದರು. ‘ಈಗ ಊಟಕ್ಕೆ ಬರಬಹುದಾ?’ ಎಂದರು. ನನ್ನ ಹಿಂದೆ ಮೀನುಸಾರು ಕುದಿಯುವ ಘಮ ಕಾರಿಡಾರಿನವರೆಗೆ ಬರುತ್ತಿತ್ತು. ‘ಇವತ್ತು ಅಡುಗೆ ಮಾಡಿಲ್ಲ,’ ಎಂದೆ. ಅವರು ‘ಸರಿ’ ಎಂದು ತಿರುಗಿ ಹೋದರು.

ಎಷ್ಟೋ ವಾರ ಮಾತು ಬಿಟ್ಟೆವು. ಬಿಟ್ಟವಳು ನಾನು, ಅವರು ಸಿಕ್ಕಾಗಲೆಲ್ಲ ಗುಡ್ ಮಾರ್ನಿಂಗ್ ಹೇಳುತ್ತಿದ್ದರು. ನನ್ನ ಮೀನು ತಿಂದ ಬಾಯಲ್ಲೇ ವಜಾ ಎಂದರಲ್ಲ ಎಂದು ಗಂಡನ ಕಿವಿ ತೂತಾಗುವಷ್ಟು ಸಲ ಹೇಳಿದ್ದೆ. ‘ಅವರು ತಿಂದದ್ದು ಮೀನು ಮಾರಾಯ್ತಿ, ಲಂಚ ಅಲ್ಲ,’ ಎಂದು ಒಮ್ಮೆ ಅವರು ಅಂದದ್ದಕ್ಕೆ ಎರಡು ದಿನ ಅವರೊಂದಿಗೂ ಮಾತು ಬಿಟ್ಟೆ.

ಒಂದು ಬೆಳಿಗ್ಗೆ ಲಿಫ್ಟಿಗೆ ಕಾಯುವಾಗ ನಾವಿಬ್ಬರೇ ಎದುರಾದೆವು. ಲಿಫ್ಟು ಬರಲಿಲ್ಲ. ನನಗೆ ತಡೆಯಲಾಗಲಿಲ್ಲ. ‘ನಿಮ್ಮ ಊರಿನಲ್ಲಿ ಚುನಾವಣೆ ಸೋತದ್ದೂ ಹೀಗೆ ಮಾಡಿಯೇ ಇರಬೇಕು,’ ಎಂದುಬಿಟ್ಟೆ. ಚುಚ್ಚಬೇಕೆಂದೇ ಹೇಳಿದ್ದು.

‘ಹೌದು,’ ಎಂದರು. ‘ಹೀಗೇ.’

ಲಿಫ್ಟು ಬಂದು ಹೋಯಿತು. ಇಬ್ಬರೂ ಹತ್ತಲಿಲ್ಲ. ಆ ಕಾರಿಡಾರಿನಲ್ಲೇ ನಿಂತು ಅವರು ಮೂರನೇ ಚುನಾವಣೆಯ ಕಥೆ ಹೇಳಿದರು. ಒಬ್ಬ ಮನುಷ್ಯ, ಇಡೀ ರಾಜ್ಯವೇ ಶಾಪ ಹಾಕುತ್ತಿದ್ದಂಥ ಅಪರಾಧ, ಶಿಕ್ಷೆಯೂ ಆಗಿತ್ತು. ಅಪೀಲು ಇವರ ಪೀಠಕ್ಕೆ ಬಂತು. ಓದಿ ನೋಡಿದರೆ, ಮುಖ್ಯ ಸಾಕ್ಷಿಯನ್ನು ಪ್ರಶ್ನಿಸಲು ಅವನ ವಕೀಲರಿಗೆ ಕೆಳಗಿನ ಕೋರ್ಟು ಅವಕಾಶವನ್ನೇ ಕೊಟ್ಟಿರಲಿಲ್ಲ. ಚುನಾವಣೆಗೆ ಸ್ವಲ್ಪವೇ ಸಮಯವಿತ್ತು. ತೀರ್ಪನ್ನು ಚುನಾವಣೆ ಮುಗಿಯುವವರೆಗೆ ಮೇಜಿನ ಮೇಲೆ ಇಟ್ಟುಕೊಂಡರೆ ಯಾರೂ ಕೇಳುತ್ತಿರಲಿಲ್ಲ, ಹಾಗೆ ಮಾಡಿ ಎಂದು ಹಿತೈಷಿಗಳು ಹೇಳಿಯೂ ಇದ್ದರು. ಇವರು ಬರೆದು ಮುಗಿದ ದಿನವೇ ಹೊರಡಿಸಿದರು, ಮರುವಿಚಾರಣೆಗೆ ಆದೇಶ. ಎದುರಾಳಿ ಟಿವಿಯಲ್ಲಿ ಆ ಅಪರಾಧಿಯ ಫೋಟೋ ಪಕ್ಕದಲ್ಲಿ ಇವರ ಫೋಟೋ ಹಾಕಿಸಿದ. ಅಂಗಡಿಯಲ್ಲಿ ಹೆಂಗಸರು ಇವರನ್ನು ನೋಡಿ ಸಾಮಾನಿನ ತಳ್ಳುಗಾಡಿ ತಿರುಗಿಸಿಕೊಂಡು ಹೋಗುತ್ತಿದ್ದರಂತೆ.

‘ಆ ಮನುಷ್ಯ ಏನಾದ?’

‘ಮರುವಿಚಾರಣೆಯಲ್ಲಿ ಮತ್ತೆ ಅದೇ ಶಿಕ್ಷೆ ಆಯಿತು.’

‘ಹಾಗಾದರೆ ನೀವು ಸೋತದ್ದು ಎಂತಕ್ಕೆ?’ ಎಂದು ನಾನು ಹೆಚ್ಚುಕಡಿಮೆ ಕಿರುಚಿದೆ.

‘ಎರಡನೇ ಸಲ ಸರಿಯಾಗಿ ವಿಚಾರಣೆ ಆಯಿತಲ್ಲ,’ ಎಂದರು, ಮಕ್ಕಳಿಗೆ ಲೆಕ್ಕ ಹೇಳಿಕೊಡುವವರ ಹಾಗೆ ಸಮಾಧಾನದಲ್ಲಿ. ಸೋತ ಮರುದಿನ ಬೆಳಿಗ್ಗೆ ಎಂದಿನ ಹೊತ್ತಿಗೆ ಕೋರ್ಟಿಗೆ ಹೋಗಿ, ಅವಧಿ ಮುಗಿಯುವವರೆಗೆ ಬಾಕಿ ಇದ್ದ ತೀರ್ಪುಗಳನ್ನೆಲ್ಲ ಬರೆದು ಮುಗಿಸಿದರಂತೆ. ಗಂಡನಿಗೆ ದೋಹಾದಲ್ಲಿ ಕೆಲಸ ಬಂದದ್ದು ಆಮೇಲೆ.

ನನ್ನ ಸಿಟ್ಟು ಆ ಕಾರಿಡಾರಿನಲ್ಲೇ ಪೂರ್ತಿ ಇಳಿಯಿತು ಎಂದರೆ ಸುಳ್ಳಾಗುತ್ತದೆ. ಅವರ ತೀರ್ಪು ಸ್ವಲ್ಪ ಬಗ್ಗಬಹುದಿತ್ತು ಎಂದು ಇವತ್ತಿಗೂ ಅನಿಸುತ್ತದೆ. ಆದರೆ ಅವತ್ತು ಸಂಜೆ ಪತ್ರೊಡೆಗೆ ಕೆಸುವಿನ ಎಲೆ ಹುಡುಕಿಕೊಂಡು ಅಂಗಡಿಗೆ ಹೋದೆ. ರಾತ್ರಿ ಅವರು ನಮ್ಮ ಮೇಜಿನಲ್ಲಿ ಕುಳಿತು ತಿಂದರು. ತಿಂದು ಕೈ ತೊಳೆದು, ‘ಈಗ ನಾನು ನಿನ್ನ ಜಡ್ಜ್ ಅಲ್ಲ. ಹೇಳು, ಆ ನಿಯಮ ಬದಲಾಯಿಸುವುದು ಹೇಗೆ?’ ಎಂದು ಕೇಳಿದರು.

ನಿಯಮ ಬದಲಾಯಿಸಬೇಕಾದರೆ ಮಹಾಸಭೆಯಲ್ಲಿ ಸದಸ್ಯರು ಕೈ ಎತ್ತಬೇಕು. ಸದಸ್ಯರು ಎಂದರೆ ಗಂಡಸರು. ಅಲ್ಲಿಗೆ ವಿಷಯ ಮುಗಿಯಿತು ಎಂದು ನಾನು. ಮನೆಮನೆಗೆ ಹೋಗಿ ಕೇಳು ಎಂದು ಅವರು. ಅವರಿಂದ ನಾನು ಕಲಿತದ್ದರಲ್ಲಿ ದೊಡ್ಡದು ಇದೇ. ನಮ್ಮವರು ಕೇಳುವುದಕ್ಕೆ ನಾಚುತ್ತೇವೆ. ಸುತ್ತುಬಳಸಿ ಮಾತಾಡಿ, ಚಹಾ ಕುಡಿದು, ‘ನಿಮಗೆ ಗೊತ್ತುಂಟಲ್ಲ’ ಎಂದು ಎದ್ದು ಬರುತ್ತೇವೆ. ಅವರು ನನ್ನನ್ನು ಸೋಫಾದಲ್ಲಿ ಎದುರು ಕೂರಿಸಿಕೊಂಡು, ಮುಖ ನೋಡಿ ‘ಇದಕ್ಕೆ ನೀವು ಕೈ ಎತ್ತುತ್ತೀರಾ?’ ಎಂದು ನೇರ ಕೇಳಲು ಕಲಿಸಿದರು. ಕೇಳಿದ ಮೇಲೆ ಬಾಯಿ ಮುಚ್ಚಿಕೊಂಡು ಉತ್ತರಕ್ಕೆ ಕಾಯುವುದನ್ನೂ ಕಲಿಸಿದರು. ಅದು ಇನ್ನೂ ಕಷ್ಟ.

ನನಗೆ ಆಗ ಡ್ರೈವಿಂಗ್ ಲೈಸನ್ಸ್ ಇರಲಿಲ್ಲ, ಗಂಡನಿಗೆ ಶಿಫ್ಟ್ ಡ್ಯೂಟಿ. ಜಡ್ಜಮ್ಮನೇ ನನ್ನನ್ನು ಕಾರಿನಲ್ಲಿ ಕರೆದೊಯ್ಯುತ್ತಿದ್ದರು. ಆದರೆ ಯಾರ ಮನೆಯ ಒಳಗೂ ಬರುತ್ತಿರಲಿಲ್ಲ. ತೀರ್ಪು ಕೊಟ್ಟವಳು ಪ್ರಚಾರಕ್ಕೆ ಬರಬಾರದು, ನೆರೆಮನೆಯವಳಿಗೆ ಡ್ರೈವರ್ ಆಗುವುದಕ್ಕೆ ಅಡ್ಡಿಯಿಲ್ಲ ಎಂದು ಅವರದೇ ಒಂದು ಕಾನೂನು. ನಾನು ಮೇಲೆ ಯಾರದ್ದೋ ಮನೆಯಲ್ಲಿ ಗೋಳಿಬಜೆ ತಿನ್ನುತ್ತಾ ವೋಟು ಕೇಳುತ್ತಿದ್ದರೆ, ಒಂದು ರಾಜ್ಯದ ಮೇಲ್ಮನವಿ ನ್ಯಾಯಾಲಯದಲ್ಲಿ ಕುಳಿತಿದ್ದವರು ಕೆಳಗೆ ಕಾರಿನಲ್ಲಿ ಪುಸ್ತಕ ಓದುತ್ತಾ ಕಾಯುತ್ತಿದ್ದರು. ಕಿಟಕಿಯಿಂದ ಅವರ ಬಿಳಿ ತಲೆ ಕಂಡಾಗಲೆಲ್ಲ ನಾನು ಕೇಳಬೇಕಾದ್ದನ್ನು ಇನ್ನೂ ನೇರವಾಗಿ ಕೇಳುತ್ತಿದ್ದೆ.

ಮಹಾಸಭೆಯಲ್ಲಿ ಅಧ್ಯಕ್ಷರೇ ಮೊದಲು ಕೈ ಎತ್ತಿದರು. ‘ಎತ್ತದೆ ಮನೆಗೆ ಹೋದ್ರೆ ಊಟ ಇಲ್ಲ ಅಂತ ಹೆಂಡತಿ ಹೇಳಿದ್ದಾಳೆ ಮಾರಾಯ್ರೆ, ಯಲ್ಲಾ, ಎಲ್ಲರೂ ಎತ್ತಿ,’ ಎಂದು ನಗಿಸಿದರು. ನಿಯಮ ಬಿದ್ದುಹೋಯಿತು. ಹೆಂಡತಿಯರಿಗೂ ಅವರವರ ಹೆಸರಿನಲ್ಲಿ ಕಾರ್ಡ್ ಬಂತು. ಮರುವರ್ಷ ನಾನು ಅದೇ ಅಕೌಂಟೆಂಟರ ಎದುರು ನಿಂತೆ. ನಮ್ಮ ಸಂಘದಲ್ಲಿ ಮೊದಲ ಬಾರಿಗೆ ಚೀಟಿ ಅಚ್ಚಾಯಿತು, ಮತಪೆಟ್ಟಿಗೆ ಎಂದು ಬಾಸುಮತಿ ಅಕ್ಕಿಯ ಡಬ್ಬಕ್ಕೆ ತೂತು ಕೊರೆದರು.

ಜಡ್ಜಮ್ಮ ಊರಿಗೆ ಮರಳುವ ದಿನ ಹತ್ತಿರ ಬಂದಿತ್ತು, ಗಂಡನ ಕಾಂಟ್ರಾಕ್ಟ್ ಮುಗಿದಿತ್ತು. ಮನೆಯಲ್ಲಿ ಪೆಟ್ಟಿಗೆಗಳ ರಾಶಿ ಬಿಟ್ಟು ಚುನಾವಣೆ ನೋಡಲು ಬಂದು ಹಾಲಿನ ಹಿಂದಿನ ಸಾಲಿನಲ್ಲಿ ಕುಳಿತರು. ಎಣಿಕೆ ಮುಗಿಯಿತು. ನಾನು ಸೋತಿದ್ದೆ. ಬಹಳ ಅಂತರವಿಲ್ಲ, ಆದರೂ ಸೋಲು ಸೋಲೇ. ಗೋಳಿಬಜೆ ತಿನ್ನಿಸಿ ಮಾತು ಕೊಟ್ಟ ಹೆಂಗಸರಲ್ಲಿ ಎಷ್ಟೋ ಜನ ಕೈಕೊಟ್ಟಿದ್ದರು. ಕಣ್ಣೀರು ಹೊರಗೆ ಬರುವುದರಲ್ಲಿತ್ತು. ಹಿಂದೆ ತಿರುಗಿ ನೋಡಿದರೆ ಜಡ್ಜಮ್ಮ ಗದ್ದವನ್ನು ಎತ್ತಿ ಅಕೌಂಟೆಂಟರ ಕಡೆ ತೋರಿಸಿದರು. ಎದ್ದು ಹೋಗಿ ಅವರ ಕೈಕುಲುಕಿದೆ. ಅವರು ಗೆದ್ದವರ ಹಾಗಿರಲಿಲ್ಲ, ಬೆವರುತ್ತಿದ್ದರು. ‘ನೋಟಿಸು ಎಲ್ಲ ನೀವೇ ನೋಡಿಕೊಳ್ಬೇಕು ಮತ್ತೆ,’ ಎಂದು ಪಿಸುಗುಟ್ಟಿದರು. ‘ಈ ಸಲ ನೀವೇ ಟೈಪ್ ಮಾಡಿ,’ ಎಂದೆ.

ಕಾರಿನಲ್ಲಿ ಕುಳಿತ ಮೇಲೆ ಅತ್ತೆ. ಜಡ್ಜಮ್ಮ ಸಮಾಧಾನವೇನೂ ಮಾಡಲಿಲ್ಲ. ಕಾರು ಹೊರಡಿಸದೆ ಸ್ಟೀರಿಂಗ್ ಹಿಡಿದು ಕುಳಿತಿದ್ದರು. ನನ್ನ ಅಳು ನಿಂತ ಮೇಲೆ, ‘ಚೀಟಿಯಲ್ಲಿ ನಿನ್ನ ಹೆಸರಿತ್ತು. ನಾನು ನೋಡಿದೆ,’ ಎಂದರು. ಅವರಿಗೆ ಕನ್ನಡ ಓದಲು ಬರುವುದಿಲ್ಲ. ಯಾವ ಸಾಲು ನನ್ನದು ಎಂದು ಅಧ್ಯಕ್ಷರನ್ನು ಕೇಳಿ ಬೆರಳಿಟ್ಟು ತೋರಿಸಿಕೊಂಡಿದ್ದರೆಂದು ಆಮೇಲೆ ತಿಳಿಯಿತು.

ಅದೇ ವಾರ ಅವರು ಹೊರಟುಹೋದರು. ಮೊದಲು ತಿಂಗಳಿಗೊಂದು ಮೇಲ್ ಬರುತ್ತಿತ್ತು, ಆಮೇಲೆ ಕ್ರಿಸ್‌ಮಸ್ಸಿಗೊಂದು... ಆಮೇಲೆ ನನ್ನದೂ ತಪ್ಪಿಹೋಯಿತು, ಅವರದೂ. ನಾವು ಅಲ್ ಸದ್ದ್ ಬಿಟ್ಟೆವು. ಕೆಲವು ವರ್ಷಗಳ ಹಿಂದೆ ಅವರ ಗಂಡ ಎರಡೇ ಸಾಲು ಬರೆದು, ಜಡ್ಜಮ್ಮ ನಿದ್ದೆಯಲ್ಲೇ ಹೋದರು ಎಂದು ತಿಳಿಸಿದರು. ಆಫೀಸಿನಲ್ಲಿ ಕುಳಿತ ಜಾಗದಲ್ಲೇ ಓದಿದೆ. ಪಕ್ಕದ ಫಿಲಿಪಿನೋ ಹುಡುಗಿ ಯಾರು ಎಂದು ಕೇಳಿದಳು. ನೆರೆಮನೆಯವರು ಎಂದೆ, ಬೇರೆ ಶಬ್ದ ಸಿಗಲಿಲ್ಲ.

ಈಗ ನಮ್ಮ ಸಂಘದಲ್ಲಿ ಹೆಂಗಸರು ಅಧ್ಯಕ್ಷರೂ ಆಗಿದ್ದಾರೆ. ಮೊನ್ನೆಯ ಚುನಾವಣೆಗೆ ನಿಂತ ಹುಡುಗಿ ವಾಟ್ಸ್ಯಾಪಿನಲ್ಲೇ ಪ್ರಚಾರ ಮುಗಿಸಿದ್ದಳು. ಅವಳಿಗೆ ಈ ಕಥೆಯನ್ನೆಲ್ಲ ಹೇಳಿದೆ. ‘ನಿಮ್ಮ ಎಗೈನ್ಸ್ಟ್ ಜಡ್ಜ್‌ಮೆಂಟ್ ಕೊಟ್ಟವರನ್ನೇ ಇಷ್ಟು ಹೊಗಳ್ತೀರಲ್ಲ ಆಂಟಿ,’ ಎಂದು ನಕ್ಕಳು. ನಾನೂ ನಕ್ಕೆ. ಅವಳಿಗೆ ಹೇಗೆ ಹೇಳುವುದು... ಆ ಹಾಲಿನಲ್ಲಿ ಅಷ್ಟು ಜನರ ಮಧ್ಯೆ ನನ್ನ ಮಾತನ್ನು ಒಂದಕ್ಷರ ಬಿಡದೆ ಕೇಳಿದವರು ಅವರೊಬ್ಬರೇ. ಅವರು ಇವತ್ತು ಇದ್ದಿದ್ದರೆ ಯಾವುದಾದರೂ ನೆಪ ಹುಡುಕಿ ನಾನು ಇನ್ನೊಂದು ಅಪೀಲು ಹಾಕುತ್ತಿದ್ದೆ, ವಜಾ ಆಗುತ್ತದೆ ಎಂದು ಗೊತ್ತಿದ್ದೂ.